ಎರೆಭೂತ ಮತ್ತು ಖಾಲಿ ಸೈಟು

ನಮ್ಮ ಆಫೀಸಿನಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಕಡೆಯವರೊಬ್ಬರಿದ್ದಾರೆ. ಮೈಸೂರಿಗೆ ಬಂದು ಹನ್ನೆರಡು ವರ್ಷವಾಯಿತು. ಆದರೂ ನಾವು ಸಾರಿಗೆ ಬೆಲ್ಲ ಹಾಕುವುದನ್ನು ಅವರಿನ್ನೂ ಕ್ಷಮಿಸಿಲ್ಲ. ಒಂದು ಮಧ್ಯಾಹ್ನ ಟೀ ಕುಡಿಯುತ್ತಾ ಮಾತು ಎಲ್ಲೆಲ್ಲೋ ಸುತ್ತಿ ಹಕ್ಕಿಗಳ ಮೇಲೆ ಬಂತು. ನಾನು ರಂಗನತಿಟ್ಟು, ಕೊಕ್ಕರೆ ಬೆಳ್ಳೂರು ಅಂತ ಶುರು ಮಾಡಿದೆ. ಮೈಸೂರು, ಮಂಡ್ಯದವರಿಗೆ ಹಕ್ಕಿ ಅಂದರೆ ನೀರು ಇರಲೇಬೇಕು. ಹೊಳೆ ಇಲ್ಲದ, ಕೆರೆ ಇಲ್ಲದ ಕಡೆ ಹಕ್ಕಿ ನೋಡೋಕೆ ಹೋಗೋದು ನಮಗೆ ಹೊಳೆಯುವುದೇ ಇಲ್ಲ. ಅವರು ಪೂರ್ತಿ ಕೇಳಿಸಿಕೊಂಡು, ಲೋಟ ಕೆಳಗಿಟ್ಟು, "ನಮ್ಮ ಕಡೆ ಎರೆಭೂತ ಐತ್ರೀ ಸರ್" ಅಂದರು.

ನನ್ನ ಕಣ್ಣ ಮುಂದೆ ಬಂದದ್ದು ಎರೆಹುಳು. ಮಳೆ ಬಂದ ಮಾರನೇ ದಿನ ಅಂಗಳದಲ್ಲಿ ಹರಿದಾಡುವ, ಗೊಬ್ಬರ ಮಾಡುವ ಎರೆಹುಳು. ಅದರ ಭೂತ ಹೇಗಿರಬಹುದು ಅಂತ ನಗು ಬಂತು.

"ಅಲ್ರೀ ಸರ್, ಎರಿ ಹೊಲ ಅಂತಾರಲ್ರೀ, ಕಪ್ಪು ಮಣ್ಣು. ಆ ಎರಿ."

ನಮ್ಮದು ಕೆಮ್ಮಣ್ಣಿನ ಸೀಮೆ. ಎರೆ ಅಂದರೆ ನೆಲ ಅನ್ನುವುದು ನನಗೆ ತಕ್ಷಣ ಹೊಳೆಯಲಿಲ್ಲ. ಎರೆ ನೆಲದಲ್ಲಿ ಭೂತದ ಹಾಗೆ ಎದ್ದು ನಿಲ್ಲುವ ಹಕ್ಕಿ, ಅದಕ್ಕೇ ಎರೆಭೂತ. ಎರ್ಲಡ್ಡು ಅಂತಲೂ ಒಂದು ಹೆಸರಿದೆ. ಇಂಗ್ಲಿಷಿನವರು ಗ್ರೇಟ್ ಇಂಡಿಯನ್ ಬಸ್ಟರ್ಡ್ ಅನ್ನುತ್ತಾರೆ. ಎರೆಭೂತ ಅನ್ನುವಾಗ ಬಾಯಿ ತುಂಬುವ ಹಾಗೆ ಅದು ತುಂಬುವುದಿಲ್ಲ, ನನ್ನ ಮಟ್ಟಿಗಂತೂ.

ಅವರು ಅದನ್ನು ನೋಡಿದ್ದು ಒಂದೇ ಸಲ. ಎಂಟೊಂಬತ್ತು ವರ್ಷದವರಿದ್ದಾಗ, ಅಜ್ಜನ ಜೊತೆ ಎತ್ತಿನ ಗಾಡಿಯಲ್ಲಿ ಹೊಲಕ್ಕೆ ಹೋಗುವಾಗ. ಜೋಳ ಕೊಯ್ದು ಮುಗಿದ ಹೊಲ. ಕೂಳೆ ಬಿಟ್ಟರೆ ಏನಿಲ್ಲ. ಅಜ್ಜ ಗಾಡಿ ನಿಲ್ಲಿಸಿ, ಇವರ ಬಾಯಿಗೆ ಕೈ ಅಡ್ಡ ಹಿಡಿದು, "ಸುಮ್ಮನಿರು" ಅಂದನಂತೆ. ದೂರದಲ್ಲಿ ಯಾರೋ ಚಿಕ್ಕ ಹುಡುಗ ಕಂದು ಶಾಲು ಹೊದ್ದು ನಿಂತ ಹಾಗಿತ್ತು. ಕತ್ತು ಬೆಳ್ಳಗೆ, ತಲೆಯ ಮೇಲೆ ಕಪ್ಪು ಟೋಪಿ. ಅದು ಇವರನ್ನು ನೋಡಿತು. ಹೆದರಲಿಲ್ಲ. ಹಾರಲೂ ಇಲ್ಲ. "ನಡಕೊಂಡು ಹೋತು ನೋಡ್ರಿ ಸರ್. ಹೊಲ ಎಲ್ಲಾ ತನ್ನದ ಅನ್ನಂಗ."

ನಾನು ಇದುವರೆಗೂ ಒಂದನ್ನೂ ನೋಡಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಗೊತ್ತಿರುವುದೆಲ್ಲ ಓದಿದ್ದು, ವಿಡಿಯೋದಲ್ಲಿ ಕಂಡದ್ದು, ಮತ್ತೆ ಆ ಟೀ ಅಂಗಡಿಯ ಕತೆ.

ಓದಿದ್ದರಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಅದರ ತೂಕ. ಗಂಡು ಹಕ್ಕಿ 15 ಕೆ.ಜಿ.ವರೆಗೂ ಬೆಳೆಯುತ್ತದೆ. ಹಾರುವ ಹಕ್ಕಿಗಳಲ್ಲಿ ಇದಕ್ಕಿಂತ ಭಾರದವು ಪ್ರಪಂಚದಲ್ಲೇ ಕಡಿಮೆ. ನಮ್ಮ ಮನೆಗೆ ತರುವ 25 ಕೆ.ಜಿ. ಅಕ್ಕಿ ಚೀಲದ ಅರ್ಧಕ್ಕಿಂತ ಹೆಚ್ಚು. ಅದನ್ನು ಎರಡು ರೆಕ್ಕೆಯಲ್ಲಿ ಎತ್ತಿಕೊಂಡು ಹಾರಬೇಕು. ಎತ್ತರ ಹೆಚ್ಚುಕಮ್ಮಿ ಒಂದು ಮೀಟರು. ಹೆಣ್ಣು ಅಷ್ಟಿಲ್ಲ, ಗಂಡಿನ ಅರ್ಧ. ಕಾಲಿಗೆ ಹಿಂದಿನ ಬೆರಳೇ ಇಲ್ಲ, ಹಾಗಾಗಿ ಕೊಂಬೆ ಹಿಡಿದು ಕೂರಲು ಬರುವುದಿಲ್ಲ. ಮರ ಅದಕ್ಕೆ ಬೇಕಾಗಿಯೇ ಇಲ್ಲ. ಉಣ್ಣುವುದು ನೆಲದಲ್ಲಿ, ಮಲಗುವುದು ನೆಲದಲ್ಲಿ, ಮೊಟ್ಟೆಯೂ ನೆಲದ ಮೇಲೆ. ಮಿಡತೆ, ಜೀರುಂಡೆ, ಹಲ್ಲಿ, ಬೋರೆಹಣ್ಣು, ಕಾಳು, ಸಿಕ್ಕಿದ್ದನ್ನು ತಿನ್ನುತ್ತದೆ.

ಗಂಡಿಗೆ ಮದುವೆಯ ಕಾಲ ಬಂದಾಗ ನೋಡಬೇಕಂತೆ. ಕತ್ತಿನ ಕೆಳಗೆ ಒಂದು ಚೀಲವಿದೆ. ಅದಕ್ಕೆ ಗಾಳಿ ತುಂಬಿಕೊಂಡು, ಜೋತಾಡಿಸಿಕೊಂಡು, ಬಾಲ ಬೆನ್ನಿಗೆ ಮಡಿಸಿಕೊಂಡು ಎತ್ತರದ ಜಾಗದಲ್ಲಿ ನಿಲ್ಲುತ್ತದೆ. ಆಮೇಲೆ ಕೂಗು. ಬರಿದಾದ ಹಿತ್ತಾಳೆ ಕೊಡಕ್ಕೆ ಬಾಯಿಟ್ಟು ಹೂಂ ಅಂದ ಹಾಗೆ ತಗ್ಗಿನ ಸದ್ದು. ಅರ್ಧ ಕಿಲೋಮೀಟರ್ ದೂರಕ್ಕೂ ಕೇಳುತ್ತದೆ. ಇಷ್ಟೆಲ್ಲ ಆರ್ಭಟ ಮಾಡಿದ ಗಂಡು ಆಮೇಲೆ ಸಂಸಾರದ ಕಡೆ ತಲೆ ಹಾಕುವುದಿಲ್ಲ. ಹೆಣ್ಣು ಬರೀ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆಯಿಟ್ಟು, ಸುಮಾರು ನಾಲ್ಕು ವಾರ ಒಬ್ಬಳೇ ಕಾವು ಕೊಟ್ಟು, ಮರಿಯನ್ನು ತಿಂಗಳುಗಟ್ಟಲೆ ಜೊತೆಯಲ್ಲೇ ಇಟ್ಟುಕೊಂಡು ಸಾಕುತ್ತದೆ. ಹೆಚ್ಚಾಗಿ ವರ್ಷಕ್ಕೆ ಒಂದು. ಅದನ್ನು ನಾಯಿಯೋ ನರಿಯೋ ತಿಂದರೆ ಎಷ್ಟೋ ಸಲ ಆ ವರ್ಷ ಹೋದ ಹಾಗೇ.

ನೆಲದ ಮೇಲೆ ಮೊಟ್ಟೆ ಅಂದರೆ ಹೇಗಿರುತ್ತೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಎರೆಭೂತದ್ದಲ್ಲ, ಟಿಟ್ಟಿಭದ್ದು.

ಮೂರು ವರ್ಷದ ಹಿಂದೆ ನಾವು ಸೈಟು ಹುಡುಕುತ್ತಿದ್ದೆವು. ರಿಂಗ್ ರಸ್ತೆಯಾಚೆ ಹೊಸ ಬಡಾವಣೆ. ಕಲ್ಲು ನೆಟ್ಟಿದ್ದರು, ರಸ್ತೆಗೆ ಜಲ್ಲಿ ಸುರಿದಿದ್ದರು, ಮೋರಿ ಅರ್ಧ ಕಟ್ಟಿದ್ದರು. ಏಪ್ರಿಲ್ ತಿಂಗಳು, ಬೆಳಿಗ್ಗೆ ಹತ್ತಕ್ಕೇ ಉರಿ ಬಿಸಿಲು. ಸೈಟು ತೋರಿಸುವ ಹುಡುಗ ಫೋನಿನಲ್ಲಿ ನಕ್ಷೆ ಹಿಡಿದು, "ಇದೇ ಸಾರ್ ನಿಮ್ಮದು, ಮೂವತ್ತು ನಲವತ್ತು, ಪೂರ್ವಕ್ಕೆ ಬಾಗಿಲು" ಅಂದ. ನಾವು ಕಾಲಿಟ್ಟ ತಕ್ಷಣ ಎರಡು ಹಕ್ಕಿಗಳು ತಲೆಯ ಮೇಲೆ ಗಲಾಟೆ ಶುರು ಮಾಡಿದವು. ಕಣ್ಣ ಮುಂದೆ ಹಳದಿ ಚರ್ಮ ಜೋತಿರುವ ಟಿಟ್ಟಿಭ. ಕೆಂಪು ಚರ್ಮದ್ದು ಕೆರೆ ಗದ್ದೆಗಳ ಕಡೆ ಜಾಸ್ತಿ. ಹಳದಿಯದು ಒಣ ಬಯಲಿನದು.

ನನ್ನ ಹೆಂಡತಿ "ರೀ, ಅಲ್ಲೇ ನಿಲ್ಲಿ" ಅಂದಳು. ನನ್ನ ಬಲಗಾಲಿನ ಚಪ್ಪಲಿಯಿಂದ ಒಂದು ಗೇಣು ದೂರದಲ್ಲಿ ಮೊಟ್ಟೆಗಳಿದ್ದವು. ಅವಳು ಬೆರಳು ತೋರಿಸಿದ ಮೇಲೂ ನನಗೆ ಕಾಣಲಿಲ್ಲ. ಬಗ್ಗಿದೆ. ಆಗಲೂ ಕಲ್ಲೇ ಕಂಡಿತು. ಆಮೇಲೆ ಆ ಕಲ್ಲುಗಳು ನಾಲ್ಕೂ ಒಂದೇ ಆಕಾರದಲ್ಲಿವೆ ಅನ್ನಿಸಿತು. ಚೂಪು ತುದಿಗಳೆಲ್ಲ ಒಳಮುಖ ಮಾಡಿ, ಕಟ್ ಮಾಡಿಟ್ಟ ಹಣ್ಣಿನ ಹೋಳುಗಳ ಹಾಗೆ ಕೂಡಿಕೊಂಡಿದ್ದವು. ಮಣ್ಣಿನ ಬಣ್ಣದ ಮೇಲೆ ಕಪ್ಪು ಶಾಯಿ ಚೆಲ್ಲಿದಂಥ ಮಚ್ಚೆ. ಗೂಡು ಅಂತ ಏನಿಲ್ಲ. ಅಂಗೈಯಷ್ಟು ಅಗಲದ ತಗ್ಗು, ಸುತ್ತ ಒಂದಷ್ಟು ಹರಳು ಕಲ್ಲು. ಒಂದು ಮೊಟ್ಟೆಗೆ ಒಣ ಹುಲ್ಲಿನ ಎಸಳು ಅಂಟಿತ್ತು. ಬಿಸಿಲಿಗೆ ನನ್ನ ತಲೆ ಸಿಡಿಯುತ್ತಿತ್ತು, ಅವು ಸುಮ್ಮನೆ ಅಲ್ಲಿ ಬಿದ್ದಿದ್ದವು.

"ಏನ್ ಸಾರ್ ನೋಡ್ತಿದ್ದೀರಾ? ಕಲ್ಲೇನಾದ್ರೂ ಅಲ್ಲಾಡ್ತಿದೆಯಾ?" ಅಂತ ಹುಡುಗ ಓಡಿ ಬಂದ. ಮೂಲೆಯ ಗಡಿಕಲ್ಲಿನ ಬಗ್ಗೆ ಅವನಿಗೆ ಚಿಂತೆ. ನಾನು ಮೊಟ್ಟೆ ತೋರಿಸಿದೆ. ಅವನು ನೋಡಿ, ನಕ್ಕು, "ಅಯ್ಯೋ, ಅದಾ ಸಾರ್! ತೆಗೆಸಿಬಿಡ್ತೀವಿ ಬಿಡಿ. ಜಾಗ ಪೂರ್ತಿ ಖಾಲಿ, ಯಾವ ತಕರಾರೂ ಇಲ್ಲ" ಅಂದ.

ಒಳ್ಳೆಯ ಹುಡುಗ. ಅವನ ಮಾತಿನಲ್ಲಿ ಸುಳ್ಳೂ ಇರಲಿಲ್ಲ. ಅವನ ಲೆಕ್ಕದಲ್ಲಿ, ನನ್ನ ಲೆಕ್ಕದಲ್ಲಿ, ಬ್ಯಾಂಕಿನ ಲೆಕ್ಕದಲ್ಲಿ ಅದು ಖಾಲಿ ಜಾಗವೇ. ಆ ಸೈಟು ನಾವು ಕೊಳ್ಳಲಿಲ್ಲ. ಇನ್ನೊಂದು ಬಡಾವಣೆಯಲ್ಲಿ ಕೊಂಡೆವು. ಅಲ್ಲಿ ಏನಿತ್ತೋ, ನಾನು ಹೋಗುವಷ್ಟರಲ್ಲಿ ಜೆಸಿಬಿ ತನ್ನ ಕೆಲಸ ಮುಗಿಸಿತ್ತು.

ಆ 'ಖಾಲಿ' ಅನ್ನುವ ಪದ ಅವತ್ತಿನಿಂದ ನನ್ನ ತಲೆಯಲ್ಲಿ ಕೂತಿದೆ. ನಮ್ಮಲ್ಲಿ ಮರ ಇದ್ದರೆ ಕಾಡು, ಪೈರಿದ್ದರೆ ಹೊಲ, ನೀರಿದ್ದರೆ ಕೆರೆ. ಮೂರೂ ಇಲ್ಲದಿದ್ದರೆ? ಬೀಳು, ಬರಡು, ಪಾಳು, ಬೋಳು. ಪಹಣಿಯಲ್ಲಿ ನೋಡಿ, ಸಾಗುವಳಿಗೆ ಬಾರದ ನೆಲಕ್ಕೆ ಖರಾಬು ಅಂತಲೇ ಹೆಸರು. ಕಂದಾಯ ಬಾರದ್ದು ಖರಾಬು. ಒಂದೂ ಒಳ್ಳೆಯ ಮಾತಿಲ್ಲ. ಹುಲ್ಲುಗಾವಲು ಅನ್ನುವ ಚಂದದ ಪದ ಪುಸ್ತಕದಲ್ಲಿದೆ ನಿಜ. ಆದರೆ ನಮ್ಮೂರಿನ ಯಾರ ಬಾಯಲ್ಲೂ ನಾನು ಅದನ್ನು ಕೇಳಿಲ್ಲ.

ಹಾಗಂತ ನಮ್ಮ ಹಿರಿಯರಿಗೆ ಹುಲ್ಲಿನ ಬೆಲೆ ಗೊತ್ತಿರಲಿಲ್ಲ ಅಂತಲ್ಲ. ಕಾವಲು ಅನ್ನುವ ಪದ ಇದೆಯಲ್ಲ, ಅದೇ ಸಾಕ್ಷಿ. ಹುಲ್ಲನ್ನು ಕಾಯುತ್ತಿದ್ದರು, ಅದಕ್ಕೇ ಕಾವಲು. ಮೈಸೂರು ದೊರೆಗಳ ದನಗಳಿಗೆ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತ ಒಂದು ಇಲಾಖೆಯೇ ಇತ್ತು. ಟಿಪ್ಪು ಅದಕ್ಕೆ ಅಮೃತ ಮಹಲ್ ಅಂತ ಹೆಸರಿಟ್ಟ. ಫಿರಂಗಿ ಎಳೆಯುವ ಎತ್ತುಗಳು ಅಲ್ಲಿಂದ ಬರುತ್ತಿದ್ದವು. ಆ ದನಗಳು ಮೇಯಲು ಚಿತ್ರದುರ್ಗ, ತುಮಕೂರು, ಚಿಕ್ಕಮಗಳೂರು, ಹಾಸನದಿಂದ ಹಿಡಿದು ಮಂಡ್ಯ, ಮೈಸೂರಿನವರೆಗೆ ಲಕ್ಷಾಂತರ ಎಕರೆ ಕಾವಲುಗಳಿದ್ದವು. ಉಳುವ ಹಾಗಿಲ್ಲ. ಹುಲ್ಲು ಬಲಿಯುವವರೆಗೆ ಮೇಯಿಸುವ ಹಾಗೂ ಇಲ್ಲ. ಯಾರೂ ಹಕ್ಕಿಗಾಗಿ ಮಾಡಿದ್ದಲ್ಲ, ದನಕ್ಕಾಗಿ, ಯುದ್ಧಕ್ಕಾಗಿ ಮಾಡಿದ್ದು. ಆದರೆ ಕೃಷ್ಣಮೃಗ, ತೋಳ, ಬಯಲ ಹಕ್ಕಿಗಳು ಅದರ ನೆರಳಲ್ಲೇ ಬದುಕಿದವು. ನೆರಳು ಅನ್ನಬಾರದು, ಅಲ್ಲಿ ನೆರಳೇ ಇರಲಿಲ್ಲ.

ಯುದ್ಧ ಮುಗಿಯಿತು, ಲಾರಿ ಬಂತು, ಕಾವಲುಗಳ ಕಾಲ ಮುಗಿಯಿತು. ಸ್ವಲ್ಪ ಸಾಗುವಳಿಗೆ, ಸ್ವಲ್ಪ ನೆಡುತೋಪಿಗೆ, ಸ್ವಲ್ಪ ಬಡಾವಣೆಗೆ. ಚಳ್ಳಕೆರೆ ಕಡೆ ಸಾವಿರಾರು ಎಕರೆ ದೊಡ್ಡ ದೊಡ್ಡ ಸಂಶೋಧನಾ ಸಂಸ್ಥೆಗಳಿಗೆ ಹೋಯಿತು. ಖಾಲಿ ಇತ್ತಲ್ಲ.

ಇದರಲ್ಲಿ ನನ್ನದೂ ಒಂದು ಪಾಲಿದೆ. ನಮ್ಮೂರು ನಾಗಮಂಗಲ ತಾಲ್ಲೂಕು. ಮದ್ದೂರಿನಲ್ಲಿರುವ ನನ್ನ ಅಮ್ಮನ ತವರಿಗೆ ವಿಶ್ವೇಶ್ವರಯ್ಯ ನಾಲೆಯ ನೀರು, ಕಬ್ಬು, ಆಲೆಮನೆ ಎಲ್ಲ ಉಂಟು. ನಮಗೆ ರಾಗಿ, ಹುರುಳಿ ಮತ್ತು ಆಕಾಶ. ಊರಾಚೆ ಗೋಮಾಳ. ಕರಡದ ಹುಲ್ಲು, ಅಲ್ಲೊಂದು ಇಲ್ಲೊಂದು ತಂಗಡಿ ಗಿಡ, ಕಾರೆ ಮುಳ್ಳು, ಕಾಲಡಿಯಿಂದ ಬುರ್ರನೆ ಏಳುವ ಗೌಜಲಕ್ಕಿ. ನಾನು ಆರನೇ ಕ್ಲಾಸಿನಲ್ಲಿದ್ದಾಗ ವನಮಹೋತ್ಸವ ಅಂತ ನಮ್ಮನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋದರು. ಗುಂಡಿ ಮೊದಲೇ ತೋಡಿಸಿದ್ದರು. ಒಬ್ಬೊಬ್ಬರಿಗೆ ಐದೈದು ನೀಲಗಿರಿ ಸಸಿ. ಕಪ್ಪು ಪ್ಲಾಸ್ಟಿಕ್ ಕವರ್ ಹರಿದು, ಮಣ್ಣು ಉದುರದ ಹಾಗೆ ಇಳಿಸಿ, ಕಾಲಿನಿಂದ ತುಳಿದು ಗಟ್ಟಿ ಮಾಡಬೇಕು. "ಬೋಳು ತಲೆಗೆ ಕೂದಲು ಬರಿಸ್ತಿದ್ದೀವಿ ಕಣ್ರೋ" ಅಂದರು ಮೇಷ್ಟ್ರು. ನಮಗೆ ನಕ್ಕು ನಕ್ಕು ಸಾಕಾಯಿತು, ಯಾಕೆಂದರೆ ಅವರದ್ದೂ ಬೋಳು ತಲೆ. ಕೊನೆಗೆ ಚಿತ್ರಾನ್ನ ಕೊಟ್ಟರು.

ನನ್ನ ಐದರಲ್ಲಿ ನಾಲ್ಕು ಬದುಕಿದವು. ಹೈಸ್ಕೂಲು ಮುಗಿಯುವವರೆಗೂ ಅವುಗಳ ಎತ್ತರ ನೋಡಲು ಹೋಗುತ್ತಿದ್ದೆ. ನನ್ನ ಜೀವನದಲ್ಲಿ ನಾನು ಮಾಡಿದ ಒಂದೇ ಪುಣ್ಯದ ಕೆಲಸ ಅಂತ ಎಷ್ಟೋ ಕಾಲ ನಂಬಿದ್ದೆ.

ಆಮೇಲೆ ರಾಣೆಬೆನ್ನೂರಿನ ಬಗ್ಗೆ ಓದಿದೆ. ಹಾವೇರಿ ಜಿಲ್ಲೆಯಲ್ಲಿ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯ, 1974ರಲ್ಲಿ ಆದದ್ದು. ಎರೆಭೂತಕ್ಕೂ ಅದು ಹೆಸರಾಗಿತ್ತು. ಅಲ್ಲಿನ ಹುಲ್ಲಿನ ಬಯಲಿಗೂ ನೀಲಗಿರಿ ನೆಟ್ಟರು. ಗಿಡ ಸಣ್ಣದಿರುವಾಗ ಅಷ್ಟೇನೂ ತೊಂದರೆ ಆಗಲಿಲ್ಲ. ದನ ಮೇಯುವುದು ನಿಂತು ಮಧ್ಯೆ ಹುಲ್ಲು ಚೆನ್ನಾಗಿಯೇ ಬಂತು. ಮರ ಬೆಳೆದ ಮೇಲೆ ಕತೆ ಮುಗಿಯಿತು. ಈ ಹಕ್ಕಿಗೆ ದೂರ ಕಾಣಬೇಕು. ನಾಲ್ಕೂ ದಿಕ್ಕಿಗೆ ಕಣ್ಣು ಹರಿಯಬೇಕು. ಕಾಣದ ಕಡೆ ಅದು ಮೊಟ್ಟೆ ಇಡುವುದಿಲ್ಲ. ಈಗ ರಾಣೆಬೆನ್ನೂರಿನಲ್ಲಿ ಎರೆಭೂತ ಇಲ್ಲ.

ಇನ್ನೊಂದು ವಿಷಯ ಗೊತ್ತಾದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ದೇಶದ ತುಂಬಾ ನೆಟ್ಟ ನೀಲಗಿರಿ ತಳಿಗೆ ಅರಣ್ಯ ಇಲಾಖೆಯವರು ಇಟ್ಟುಕೊಂಡ ಹೆಸರು 'ಮೈಸೂರು ಗಮ್'. ನಂದಿ ಬೆಟ್ಟದ ಮರಗಳ ಬೀಜದಿಂದ ಹರಡಿದ್ದು. ಮೈಸೂರು ಪಾಕ್, ಮೈಸೂರು ಮಲ್ಲಿಗೆ, ಮೈಸೂರು ಸಿಲ್ಕ್ ಅಂತ ಎದೆಯುಬ್ಬಿಸುತ್ತೇವಲ್ಲ, ಈ ಮೈಸೂರನ್ನು ಮಾತ್ರ ಯಾರೂ ಹೇಳಿಕೊಳ್ಳುವುದಿಲ್ಲ. ಹೊಸದಾಗಿ ನೀಲಗಿರಿ ನೆಡುವುದನ್ನು ನಮ್ಮ ಸರ್ಕಾರ 2017ರಲ್ಲಿ ನಿಲ್ಲಿಸಿತು. ಅಷ್ಟರಲ್ಲಿ ನನ್ನ ನಾಲ್ಕು ಮರಗಳನ್ನು ಎರಡು ಸಲ ಕಡಿದಾಗಿತ್ತು. ಅದು ಕಡಿದಷ್ಟೂ ಚಿಗುರುವ ಜಾತಿ.

ನಮ್ಮೂರಿನಿಂದ ಸ್ವಲ್ಪ ದೂರದಲ್ಲೇ ಆದಿಚುಂಚನಗಿರಿ. ಅಲ್ಲಿ ನವಿಲುಧಾಮ ಇದೆ, 1981ರಿಂದ. ನವಿಲು ಅಂದಾಗ ಎರೆಭೂತದ ಇನ್ನೊಂದು ಕತೆ ಹೇಳಲೇಬೇಕು. ರಾಷ್ಟ್ರಪಕ್ಷಿ ಯಾವುದಾಗಬೇಕು ಅನ್ನುವ ಚರ್ಚೆಯಲ್ಲಿ ಪಕ್ಷಿತಜ್ಞ ಸಲೀಂ ಅಲಿ ಎರೆಭೂತದ ಪರ ಇದ್ದರು. ಮೈಸೂರು ಸಂಸ್ಥಾನದ ಹಕ್ಕಿಗಳನ್ನು 1939-40ರಲ್ಲಿ ಸಮೀಕ್ಷೆ ಮಾಡಿದ, ರಂಗನತಿಟ್ಟನ್ನು ಉಳಿಸಲು ಕಾರಣರಾದ ಅದೇ ಸಲೀಂ ಅಲಿ. ಅವರ ವಾದ ಸರಳ. ರಾಷ್ಟ್ರಪಕ್ಷಿ ಅಂತ ಮಾಡಿದರೆ ಅಳಿಯುತ್ತಿರುವ ಹಕ್ಕಿಯತ್ತ ಜನ ತಿರುಗಿ ನೋಡುತ್ತಾರೆ. 1963ರಲ್ಲಿ ಪಟ್ಟ ನವಿಲಿಗೆ ಸಿಕ್ಕಿತು. ಬಸ್ಟರ್ಡ್ ಅನ್ನುವಾಗ ಒಂದಕ್ಷರ ಹೆಚ್ಚುಕಡಿಮೆಯಾದರೆ ಇಂಗ್ಲಿಷಿನಲ್ಲಿ ಕೆಟ್ಟ ಬೈಗುಳವಾಗುತ್ತದೆ, ಆ ಭಯಕ್ಕೇ ಕೈಬಿಟ್ಟರು ಅಂತ ಒಂದು ಮಾತಿದೆ. ಎರೆಭೂತ ಅಂತಲೇ ಬರೆದುಕೊಂಡಿದ್ದರೆ ಯಾವ ತೊಂದರೆಯೂ ಇರಲಿಲ್ಲ, ಅಲ್ವಾ?

ನವಿಲು ಗೆದ್ದಿತು, ಚೆನ್ನಾಗಿಯೂ ಇದೆ. ನಮ್ಮ ಚಿಕ್ಕಪ್ಪನನ್ನು ಕೇಳಿದರೆ ಬೇಕಾದ್ದಕ್ಕಿಂತ ಚೆನ್ನಾಗಿದೆ. ಹುರುಳಿ ಬಿತ್ತಿದ ಮಾರನೇ ದಿನ ಬೆಳಿಗ್ಗೆ ಐದೂವರೆಗೆ ಹೊಲದಲ್ಲಿ ಹಾಜರ್. ಹೊಡೆಯುವ ಹಾಗಿಲ್ಲ, ಓಡಿಸಿದರೆ ಹೋಗುವುದಿಲ್ಲ. "ದೇವರ ವಾಹನ ಅಂತ ಸುಮ್ನಿದ್ದೀನಿ ಕಣೋ" ಅನ್ನುತ್ತಾರೆ.

ಎರೆಭೂತ ದೇವರ ವಾಹನವಾಗಲಿಲ್ಲ. ಬಂದೂಕು ಬಂದ ಮೇಲಂತೂ ದೊಡ್ಡ ಬೇಟೆ. ಅಹ್ಮದ್‌ನಗರ ಸೀಮೆಯಲ್ಲಿ ಒಬ್ಬ ಇಂಗ್ಲಿಷ್ ಅಧಿಕಾರಿ 1809ರಿಂದ 1829ರೊಳಗೆ 961 ಹಕ್ಕಿ ಹೊಡೆದ ದಾಖಲೆ ಇದೆ. ಇವತ್ತು ಇಡೀ ದೇಶದ ಬಯಲಿನಲ್ಲಿ 150 ಇದ್ದರೆ ಹೆಚ್ಚು. ಒಬ್ಬ ಮನುಷ್ಯ, ಒಂದು ಜಿಲ್ಲೆ, 961. ಈ ಲೆಕ್ಕವನ್ನು ನಾನು ಎರಡು ಮೂರು ಸಲ ಓದಿದೆ.

ಉಳಿದವುಗಳಲ್ಲಿ ಬಹುಪಾಲು ರಾಜಸ್ಥಾನದ ಜೈಸಲ್ಮೇರ್ ಕಡೆ ಇವೆ. ಅಲ್ಲಿ ಅದಕ್ಕೆ ಗೋಡಾವಣ್ ಅನ್ನುತ್ತಾರೆ, ಅವರ ರಾಜ್ಯಪಕ್ಷಿ. ಅಲ್ಲಿ ಈಗಿನ ಶತ್ರು ಬಂದೂಕಲ್ಲ, ಕರೆಂಟಿನ ತಂತಿ. ಈ ಹಕ್ಕಿಯ ಕಣ್ಣು ತಲೆಯ ಎರಡು ಪಕ್ಕಕ್ಕಿವೆ. ಸುತ್ತಲಿನದೆಲ್ಲ ಕಾಣುತ್ತದೆ, ನೇರ ಮುಂದಿನದು ಸರಿಯಾಗಿ ಕಾಣುವುದಿಲ್ಲ. ಹತ್ತಿರ ಬಂದ ಮೇಲೆ ತಂತಿ ಕಂಡರೂ ಅಷ್ಟು ಭಾರದ ಮೈ ಗಕ್ಕನೆ ತಿರುಗುವುದಿಲ್ಲ. ಬಯಲಿನಲ್ಲಿ ಬಿಸಿಲಿದೆ, ಗಾಳಿಯಿದೆ, ಜಾಗ 'ಖಾಲಿ'. ಸೋಲಾರು, ಗಾಳಿಯಂತ್ರ ಬರುತ್ತವೆ, ಅದರ ಹಿಂದೆ ತಂತಿ. ಹಕ್ಕಿ ಇರುವ ಕಡೆ ತಂತಿಯನ್ನು ನೆಲದೊಳಗೆ ಹಾಕಿ ಅಂತ ಸುಪ್ರೀಂ ಕೋರ್ಟು 2021ರಲ್ಲಿ ಹೇಳಿತು. ಅಷ್ಟು ದೂರಕ್ಕೆ ಆಗುವ ಕೆಲಸವಲ್ಲ ಅಂತ ಸರ್ಕಾರ ಮತ್ತೆ ಹೋಯಿತು. 2024ರಲ್ಲಿ ಕೋರ್ಟು ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿ ಮಾಡಿತು. ನಮ್ಮ ಮನೆಯ ತಾರಸಿಯ ಮೇಲೂ ಸೋಲಾರ್ ಇದೆ. ತಪ್ಪು ಯಾರದು ಅಂತ ಬೆರಳು ತೋರಿಸುವಷ್ಟು ಧೈರ್ಯ ನನಗಿಲ್ಲ.

2019ರಿಂದ ಜೈಸಲ್ಮೇರಿನಲ್ಲಿ ಮೊಟ್ಟೆಗಳನ್ನು ಆರಿಸಿ ತಂದು, ಯಂತ್ರದಲ್ಲಿ ಕಾವು ಕೊಟ್ಟು ಮರಿ ಮಾಡುತ್ತಿದ್ದಾರೆ. 2024ರಲ್ಲಿ ಕೃತಕ ಗರ್ಭಧಾರಣೆಯಿಂದಲೂ ಒಂದು ಮರಿ ಹುಟ್ಟಿತು. ಖುಷಿಯ ಸುದ್ದಿಯೇ. ಮರಿಗಳು ದೊಡ್ಡವಾದ ಮೇಲೆ ಅವನ್ನು ಬಿಡಲು ಬಯಲು ಬೇಕು.

ನಮ್ಮ ರಾಜ್ಯದಲ್ಲಿ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿವೆ. ತುಂಗಭದ್ರೆಯ ಕಾಲುವೆ ಬಂದು ಆ ತಾಲ್ಲೂಕು ಭತ್ತಕ್ಕೆ ಹೆಸರಾಯಿತು. ಕಾಲುವೆ ಬಂದದ್ದು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ನನ್ನ ಕಾಲೇಜಿನ ಫೀಸು ಕಟ್ಟಿದ್ದು ಮದ್ದೂರಿನ ಮಾವನ ಕಬ್ಬಿನ ದುಡ್ಡು. ನೀರು ಹತ್ತದ ಎರೆ ಹೊಲಗಳಲ್ಲಿ ಈ ಹಕ್ಕಿ ಹೇಗೋ ಇದೆ.

ಹೋದ ಯುಗಾದಿಗೆ ಊರಿಗೆ ಹೋಗಿದ್ದೆ. ನೀಲಗಿರಿ ತೋಪನ್ನು ಮತ್ತೆ ಕಡಿದಿದ್ದರು. ಬೊಡ್ಡೆಗಳ ಸುತ್ತ ಮೊಣಕಾಲೆತ್ತರ ಚಿಗುರು. ಚಿಕ್ಕಪ್ಪ ಒಂದು ಬೊಡ್ಡೆಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಇಲ್ಲಿ ಯಾವತ್ತಾದರೂ ದೊಡ್ಡ ಹಕ್ಕಿ, ನೆಲದ ಮೇಲೇ ಓಡಾಡುವಂಥದ್ದು, ಇತ್ತಾ ಅಂತ ಕೇಳಿದೆ. ಫೋನಿನಲ್ಲಿ ಫೋಟೋ ತೋರಿಸಿದೆ. ಅವರು ಕಣ್ಣಿನಿಂದ ದೂರ ಹಿಡಿದು ನೋಡಿದರು.

"ಎಷ್ಟು ತೂಕ ಅಂದೆ?"

"ಹದಿನೈದು ಕೆ.ಜಿ. ಚಿಕ್ಕಪ್ಪ."

"ಹದಿನೈದಾ!" ಅಂದು, ಇನ್ನೊಂದು ಸಲ ಫೋಟೋ ನೋಡಿ, "ಇದ್ದಿದ್ರೆ ಬಿಡ್ತಿದ್ವಾ ಮಗ? ಹಬ್ಬ ಮಾಡ್ತಿದ್ವಿ" ಅಂದರು.

ಮೈಸೂರಿಗೆ ಬಂದು ಸಿರುಗುಪ್ಪದವರಿಗೆ ಇದನ್ನು ಹೇಳಿದೆ. ನಮ್ಮ ಚಿಕ್ಕಪ್ಪ ಹೀಗೆ, ನಿಮ್ಮ ಅಜ್ಜ ನೋಡಿ ಬಾಯಿ ಮುಚ್ಚಿಸಿ ಗೌರವದಿಂದ ನೋಡಿದರು ಅಂದೆ. ಅವರು ಟೀ ಚೆಲ್ಲುವ ಹಾಗೆ ನಕ್ಕರು.

"ಗೌರವ ಎಲ್ಲೀದ್ರೀ ಸರ್? ಸಪ್ಪಳ ಆದ್ರ ಓಡಿ ಹೊಕ್ಕತಿ ಅಂತ ಸುಮ್ಮನಿರಿಸಿದ್ದ. ಅವತ್ತು ಅಜ್ಜನ ಕೈಯಾಗ ಬಾರಕೋಲು ಬಿಟ್ರ ಏನೂ ಇದ್ದಿದ್ದಿಲ್ಲ."